ಹದಿಮೂರು ಡಿಗ್ರಿ ಹತ್ತೊಂಬತ್ತು ಮಿನಿಟು

ಹಾಸನದ ಗುಜರಿಯಲ್ಲಿ ಕಿಲೋಗೆ ಹದಿನಾಲ್ಕರಂತೆ
ತೂಗಿ ಕೊಟ್ಟ ಪುಸ್ತಕ. ತೂಕದಲ್ಲಿ ಮೋಸವಿರಲಿಲ್ಲ;
ಅರಸೀಕೆರೆಯ ವೇಬ್ರಿಡ್ಜಿನಲ್ಲಿ ಕೂತು
ಕೊಬ್ಬರಿ ಲಾರಿ ತೂಗುವ ಕಣ್ಣು ನನ್ನದು.

ಮೊದಲ ಹಾಳೆಯಲ್ಲಿ ನೀಲಿ ಶಾಯಿ:
ಜಿ. ಮರುಳಸಿದ್ದಯ್ಯ, ಸರ್ವೆ ಕ್ಲಾಸು, ೧೯೪೧.
ಒಳಗೆ ಅಂಚಿನಲ್ಲಿ ಪೆನ್ಸಿಲ್ಲು, ತೀರ ಸಣ್ಣಗೆ:
ಮೋಡ. ಮೋಡ. ಇವತ್ತೂ ಮೋಡ.
ಒಂದು ಕಡೆ ಮಾತ್ರ:
ಕಂಡಿತು. ಎಣ್ಣೆ ಮುಗಿಯಿತು.

ಪುಸ್ತಕ ಬರೆದವನ ಊರಲ್ಲಿ ಧ್ರುವ
ಕತ್ತು ನೋಯುವಷ್ಟು ಮೇಲೆ.
ಹಾಗೇ ತಲೆಯೆತ್ತಿ ಎರಡು ವಾರ ಹುಡುಕಿದೆ.
ನಮ್ಮಲ್ಲಿ ಅವನು ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ,
ತೆಂಗಿನ ಗರಿಯ ಮಟ್ಟದಲ್ಲಿ,
ಸಾಲ ಕೇಳಲು ಬಂದು
ಬಾಗಿಲಲ್ಲೇ ನಿಂತ ನೆಂಟನ ಹಾಗೆ.

ಹರಾಜಿನಲ್ಲಿ ಹಿಡಿದ ಥಿಯೋಡಲೈಟಿನ
ಅಡ್ಡಗೆರೆ ಹರಿದಿತ್ತು. ಜೇಡದ ಎಳೆ ಕಟ್ಟಬಹುದು
ಎನ್ನುತ್ತದೆ ಹನ್ನೊಂದನೆಯ ಅಧ್ಯಾಯ.
ಅಡುಗೆಮನೆಯ ಮೂಲೆಯಲ್ಲಿ
ಪೊರಕೆ ತಪ್ಪಿಸಿಕೊಂಡ ಒಂದು ಜೇಡವಿತ್ತು.
ಕೇಳದೆಯೇ ತೆಗೆದುಕೊಂಡೆ.
ಅಂಟಿಸಲು ಉಗುರುಬಣ್ಣ; ನಾಲ್ಕನೆಯ ಸಲಕ್ಕೆ ನಿಂತಿತು.

ತಾರಸಿಯ ಮೇಲೆ ಟಾರ್ಚು, ಲಾಗ್ ಟೇಬಲ್ಲು.
"ಗುರುಬಲ ಯಾವಾಗ ಬರುತ್ತೆ, ನೋಡಿ ಹೇಳಕ್ಕ"
ಎಂದಳು ಆಚೆ ತಾರಸಿಯ ತಾಯಮ್ಮ. ಮಗಳಿಗೆ ಇಪ್ಪತ್ತೆಂಟು.
ಇದು ಆ ಲೆಕ್ಕವಲ್ಲ ಎಂದೆ.
"ಎಲ್ಲಾ ಒಂದೇ ಆಕಾಶ ಅಲ್ವ?"

ಮೊದಲ ರಾತ್ರಿಯ ಉತ್ತರದ ಪ್ರಕಾರ
ನನ್ನ ಮನೆ ಹೊಸದುರ್ಗದಲ್ಲಿತ್ತು.
ಅಲುಗದವನೆಂದು ನಾವು ಕತೆ ಕೇಳಿ ಬೆಳೆದವನು
ತಾನೂ ಒಂದು ಪುಟ್ಟ ಸುತ್ತು ಸುತ್ತುತ್ತಾನೆ,
ರಾತ್ರಿಯೆಲ್ಲ, ಗಾಣದೆತ್ತಿನ ಹಾಗೆ.
ಪುಸ್ತಕ ಕೊಟ್ಟ ಅಂಕಿ ಹಿಡಿದು ಆ ಸುತ್ತು ಕಳೆದೆ.
ಮನೆ ಹೋಗಿ ಹಾಸನದಲ್ಲಿ ಬಿತ್ತು.

ಮೂರು ದಿನ ಕೂಡಿ ಕಳೆದ ಮೇಲೆ ಹೊಳೆಯಿತು:
ಮರುಳಸಿದ್ದಯ್ಯನವರ ಕಾಲಕ್ಕೆ ಅವನು ನಡುವಿನಿಂದ
ಒಂದು ಡಿಗ್ರಿ ಚಿಲ್ಲರೆ ದೂರ. ಈಗ ಮೂವತ್ತೆಂಟೇ ಮಿನಿಟು.
ಅವನು ಹತ್ತಿರ ಬಂದನೋ, ನಾವೇ ವಾಲಿದೆವೋ?
ವಾಲುವವರು ನಾವೇ, ಪುಸ್ತಕದ ಪ್ರಕಾರ.
ಖಾಲಿ ಲಾರಿಯ ತೂಕವನ್ನು
ಹಳೆಯ ಚೀಟಿಯಿಂದ ಹಿಡಿಯಬಾರದು ಅಂತ
ದಿನಾ ಡ್ರೈವರುಗಳ ಮೇಲೆ ರೇಗುವವಳು ನಾನು.

ಹೊಸ ಅಂಕಿ. ಗಾಳಿ ಬಾಗಿಸಿದ ನಾಲ್ಕು ಮಿನಿಟೂ ಹೊರಗೆ.
ಅವನು ಇನ್ನೇನು ಎಳೆಯ ಮೇಲೆ ಕೂರಬೇಕು,
ಗೂಡ್ಸು ಗಾಡಿ ಹೋಯಿತು. ನಡುಗಿದ ಗುಳ್ಳೆ
ನಡುವಿಗೆ ಮರಳುವವರೆಗೆ ಉಸಿರು ಹಿಡಿದೆ.

ಹದಿಮೂರು ಡಿಗ್ರಿ ಹತ್ತೊಂಬತ್ತು.
ಗೊತ್ತಿದ್ದ ಊರೇ. ಫೋನು ಕೇಳಿದ್ದರೆ
ಎರಡು ಸೆಕೆಂಡಿನಲ್ಲಿ ಹೇಳುತ್ತಿತ್ತು.
ಪೆನ್ಸಿಲ್ಲು ಚೂಪು ಮಾಡಿ,
ಎಣ್ಣೆ ಮುಗಿದ ಸಾಲಿನ ಕೆಳಗೆ
ಅವರಷ್ಟೇ ಸಣ್ಣಗೆ ಬರೆದೆ:
ಕಂಡಿತು. ಬ್ಯಾಟರಿ ಇನ್ನೂ ಇದೆ.