ಟವೆಲಿನ ಅಡಿಗೆ

ನಿಟ್ಟೂರಿನಲ್ಲಿ ನಮ್ಮ ಬಸ್ಸಿಗೆ ರಾತ್ರಿ ಹಾಲ್ಟು.
ಇಂಜಿನ್ನು ಆರುವ ಮೊದಲೇ ಬಾನೆಟ್ಟಿನ ಮೇಲೆ
ಒದ್ದೆ ಚಡ್ಡಿ ಹರವಿ
ಅದಕ್ಕೊಂದು ಟವೆಲು ಹೊದಿಸಿ
ಮಲಗುತ್ತೇನೆ. ಹನ್ನೊಂದು ವರ್ಷದ ರೂಢಿ.
ಕಂಡಕ್ಟರ್ ಹುಚ್ರಾಯಪ್ಪ ನೋಡಿಯೂ ನೋಡದವನು;
ಅವನದು ಹಿಂದಿನ ಸೀಟಿನ ಕಂಬಿಯ ಮೇಲೆ,
ಅದಕ್ಕೂ ಒಂದು ಟವೆಲಿದೆ.

ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ,
ಬೆಚ್ಚಗಾಗುತ್ತದೆ, ಅಷ್ಟೆ.
ಬೆಳಗ್ಗೆ ಆರಕ್ಕೆ ಆ ಬೆಚ್ಚನೆ ತೇವವನ್ನೇ ಏರಿಸಿಕೊಂಡು
ರೆಕ್ಸಿನ್ ಸೀಟಿನಲ್ಲಿ ಕೂತರೆ
ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು,
ಶಿವಮೊಗ್ಗ ಮುಟ್ಟುವಷ್ಟರಲ್ಲಿ
ತೊಡೆಸಂದಿನಲ್ಲಿ ಯಾರೋ ಒಲೆ ಹಚ್ಚಿರುತ್ತಾರೆ.

ಮೊದಲು ಎಂಟಾಣೆಯಗಲ. ಆಮೇಲೆ ಚಪಾತಿ.
ಅಂಚು ಕೆಂಪು, ನಡುವೆ ಕಪ್ಪು.
ಪ್ಯಾಸೆಂಜರು ಇಳಿಯುವ ಪ್ರತಿ ಸ್ಟಾಪಿನಲ್ಲೂ
ಗೇರು ಬದಲಿಸುವ ನೆಪದಲ್ಲಿ ಒಂದು ಕೆರೆತ.
ಕೆರೆಯುವಾಗ ಸ್ವರ್ಗ, ಬಿಟ್ಟಮೇಲೆ ಉರಿ.

ಮೆಡಿಕಲ್ ಶಾಪಿನಲ್ಲಿ ಹೆಂಗಸರು ಹೋಗುವವರೆಗೆ ಕಾದು
ಒಂದು ಟ್ಯೂಬ್ ಕೊಡಿ, ತುರಿಕೆಗೆ, ಎಂದೆ.
ಎಲ್ಲಿಗೆ? ಎಂದ.
ಕೈಗೆ, ಎಂದೆ.
ಮೂರು ದಿನದಲ್ಲಿ ಮಾಯ.
ನಾಲ್ಕನೇ ವಾರ ಮತ್ತೆ ಹಾಜರು, ಬಂಧುಬಳಗ ಸಮೇತ.
ಹೀಗೆ ಹದಿನಾರು ಟ್ಯೂಬು.
ನಡುವೆ ಡೆಟಾಲು ಸುರಿದುಕೊಂಡು ಬಚ್ಚಲಲ್ಲಿ ಕುಣಿದದ್ದು
ಗುತ್ಯಮ್ಮನಿಗೂ ಹೇಳಿರಲಿಲ್ಲ.
ನಾನು ಹೇಳುವ ಮೊದಲೇ ಅವಳು ಹೇಳಿದಳು,
ದೀಪ ಆರಿಸಿ, ಗೋಡೆಯ ಕಡೆ ತಿರುಗಿ:
'ನಂಗೂ ಶುರುವಾಗಿದೆ.'

ಮೆಗ್ಗಾನ್ ಆಸ್ಪತ್ರೆ. ಚೀಟಿಯಲ್ಲಿ ಕೆರಿಯಪ್ಪ, ನಲವತ್ಮೂರು.
ಪರದೆ ಸರಿಸಿದರೆ ಡಾಕ್ಟರು ಹೆಂಗಸು,
ಫಿಲೋಮಿನಾ, ನನ್ನ ತಂಗಿಯ ಓರಗೆ.
ಘಾಟಿಯಲ್ಲಿ ಬ್ರೇಕು ಹೋದ ದಿನವೂ
ನಾನು ಇಷ್ಟು ಬೆವರಿರಲಿಲ್ಲ.
ಆಕೆ ಟಾರ್ಚು ಹಿಡಿದು ನೋಡಿದ್ದು
ನಾನು ಟಯರು ನೋಡುವ ಹಾಗೆ,
ಸವೆತ ಎಲ್ಲಿ, ಬಿರುಕು ಎಲ್ಲಿ.
'ಹುಳುಕಡ್ಡಿ. ನೀವು ಹಚ್ಚಿದ ಟ್ಯೂಬು ಇದಕ್ಕೆ ಗೊಬ್ಬರ.
ಚರ್ಮವನ್ನು ಈರುಳ್ಳಿ ಸಿಪ್ಪೆ ಮಾಡಿಕೊಂಡಿದ್ದೀರಿ.'

ಆಮೇಲೆ, ದಾರಿ ಹೇಳುವಷ್ಟು ಸಲೀಸಾಗಿ:
ಮುಂದೊಗಲು ಮೆಲ್ಲಗೆ ಹಿಂದೆ ಸರಿಸಿ
ದಿನಾ ಬರೀ ನೀರಲ್ಲಿ ತೊಳೆಯಿರಿ,
ಒರೆಸಿ, ಮತ್ತೆ ಮುಂದಕ್ಕೆ ತನ್ನಿ.
ಸಂದಿನಲ್ಲಿ ತೇವ ಉಳಿಯಬಾರದು.
ಹತ್ತಿಯದು ಹಾಕಿ, ಸಡಿಲದ್ದು, ಬಿಸಿಲಲ್ಲಿ ಒಣಗಿದ್ದು.
ಟವೆಲು ನಿಮ್ಮದು ನಿಮಗೆ.
ತುರಿಕೆ ನಿಂತಿತೆಂದು ಔಷಧಿ ನಿಲ್ಲಿಸಬೇಡಿ,
ನಾನು ಹೇಳುವವರೆಗೆ.
ಮುಂದಿನ ಸಲ ಹೆಂಡತಿಯನ್ನೂ ಕರೆತನ್ನಿ.

ಯಾವ ನಟ್ಟಿಗೆ ಯಾವ ಗ್ರೀಸೆಂದು
ಗ್ಯಾರೇಜಿನ ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ್ದ.
ಇದನ್ನು ಯಾರೂ ಕಲಿಸಲಿಲ್ಲ.
ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.
'ಅಲ್ಲಿ' ಎನ್ನುತ್ತಿದ್ದರು,
ಬೋರ್ಡಿಲ್ಲದ ಸ್ಟಾಪು ತೋರಿಸುವವರ ಹಾಗೆ.

ಬಾಗಿಲ ತನಕ ಹೋಗಿ ತಿರುಗಿ ಬಂದೆ.
'ಇನ್ನೊಂದು… ಅಂಚಿನಲ್ಲಿ ಸಾಲಾಗಿ ರಾಗಿಕಾಳಿನಂಥವು,
ಮದುವೆಗೂ ಮುಂಚಿನಿಂದ…'
'ನೋಡಿದೆ. ಅದು ರೋಗವಲ್ಲ. ಬಹಳ ಜನಕ್ಕೆ ಇರುತ್ತದೆ.'
ಇಷ್ಟೇ.
ಇಪ್ಪತ್ತು ವರ್ಷ ಕಂಡಕಂಡ ದೇವರಿಗೆ ಹರಕೆ ಹೊತ್ತದ್ದು
ಬಹಳ ಜನಕ್ಕೆ ಇರುವ ಒಂದು ಸಾಲಿಗೆ.

ಭಾದ್ರಪದದಲ್ಲಿ ಒಂದು ದಿನ ಬಿಸಿಲು ಬಂತು.
ಬಸ್ಸಿನ ಹಿಂದಿನ ಏಣಿಗೆ
ಮೂರು ಬಿಳಿ ಚಡ್ಡಿ ತೂಗುಹಾಕಿದೆ. ಟವೆಲಿಲ್ಲ.
ಡೇರಿಗೆ ಹಾಲು ಹಾಕಿ ಬರುತ್ತಿದ್ದವರು
ಸೆರಗು ಬಾಯಿಗಿಟ್ಟು ನಗುತ್ತ ಹೋದರು.
ಹುಚ್ರಾಯಪ್ಪ ಟಿಕೆಟ್ ಮಿಷನ್ನಿಗೆ ರೋಲು ಹಾಕುತ್ತ
ತಲೆ ಎತ್ತದೆ ಕೇಳಿದ:
'ಆ ಡಾಕ್ಟ್ರು ಯಾವ್ಯಾವ ವಾರ ಸಿಗ್ತಾರೆ?'
ಎಲ್ಲಿಗೆ? ಎಂದೆ.
ಕೈಗೆ, ಎಂದ.