ಗಾಡೀದು ಹೇಳ್ರಿ

ಉದಗೀರ ರಸ್ತೆ, ಝೆರಾಕ್ಸ್ ಅಂಗಡಿ ಮ್ಯಾಲ
ಸಂಗಶೆಟ್ಟಿಯ ಖೋಲಿ. ಇವ ಮೂರನೇ ಏಜೆಂಟ.
‘ಎಳೀ ಕೈ ಅದರೀ, ರೊಕ್ಕ ಜಾಸ್ತಿ ಆಗ್ತದೇನು?’
ಅವ ನಕ್ಕ.
‘ಹುಡುಗಿ ವಯಸ್ಸು ಯಾರ ಕೇಳ್ತಾರ ಸಿಸ್ಟರ್,
ಗಾಡೀದು ಹೇಳ್ರಿ.’

ಎರಡು ಸಾವಿರದ ಏಳು.
ರೂತ್ ಹುಟ್ಟಿದ್ದೂ ಅದೇ ವರ್ಷ,
ಮಂಗಲಪೇಟ ದವಾಖಾನಿಯೊಳಗ,
ನನ್ನದೇ ವಾರ್ಡಿನಾಗ.

ಆಲ್ಟೋಕ್ಕ ಮುದುಕಿ ಅಂತು ಕಂಪ್ಯೂಟರು.
ಎಲ್ಲಕ್ಕೂ ಸೋವಿ ಥರ್ಡ್ ಪಾರ್ಟಿ:
ಇಕಿ ಯಾರಿಗಿ ಗುದ್ದತಾಳ, ಅವರಿಗಿ ಕೊಡ್ತಾರ.
‘ಮತ್ತ ಇಕಿಗಿ?’
‘ಅದಕ್ಕ ಬ್ಯಾರೆ ರೊಕ್ಕ.’

ಪರ್ಸಿನ ಒಳಜಿಪ್ಪು ಎಳದೆ.
ನೈಟ್ ಡ್ಯೂಟಿ ನೋಟು
ಎರಡು ಸಲ ಎಣಿಸಿದೆ, ಅಷ್ಟೇ ಇದ್ದವು.
‘ಅದೂ ಹಾಕ್ರಿ.’

ಕೆಳಗ ಹಾರ್ನು.
ಗಾಜಿನ ಮ್ಯಾಲಿನ ಕೆಂಪು ಎಲ್ಲು
ಉಗುರಿಲೆ ಕೆರದು ತಗದಾಳ,
ಅಂಟು ಹಂಗೇ ಉಳದದ.
‘ಆಯ್ತೇನವ್ವಾ?’

ಚೌಬಾರಾ ತಿರುವಿನಾಗ
ಆಟೋ ಅಡ್ಡ ಬಂತು.
ಎಡಕ್ಕ ಕೂತಾಕಿ ನಾನು
ಇಲ್ಲದ ಬ್ರೇಕು ಒತ್ತಿದೆ.