ಓಬಳನ ಹೆಬ್ಬೆಟ್ಟು

ಅಜ್ಜಿ ಹುಟ್ಟಿದ್ದೆಲ್ಲಿ ಅಂತ ಕೇಳಿದ್ದೀಯ ತಿಪ್ಪೇಶಿ,
ಒಂದೇ ಸಾಲಲ್ಲಿ ಬರೆದು ಕಳಿಸು ಅಂತ.
ಎರೆಕಟ್ಟೆ. ಹಿಟ್ಟಿನ ಗಿರಣಿ ಹಿಂದಿನ ಸಂದಿ, ಎಡಕ್ಕೆ ಮೂರನೇ ಮನೆ.
ಇಷ್ಟು ಗೊತ್ತಿದ್ದರೆ ಸಾಕೆಂದು ನಾನೂ ಹೊರಟೆ.
ಸಾಲದು.

ದಾವಣಗೆರೆ ಕಚೇರಿಯಲ್ಲಿ ಕನ್ನಡಕ ಹಣೆಗೇರಿಸಿ ಅಂದರು,
'ತೊಂಬತ್ತೇಳಕ್ಕಿಂತ ಹಿಂದಿನದಾ? ದುರ್ಗಕ್ಕೆ ಹೋಗಿ.'
ದುರ್ಗದಲ್ಲಿ ಅಂದರು, 'ಆ ತಾಲ್ಲೂಕಿನದಾ?
ಎಲ್ಲ ಗಂಟು ಕಟ್ಟಿ ಲಾರಿಗೆ ಹಾಕಿ ಕಳಿಸಿದ್ವಲ್ಲ.'
ನಾಲ್ಕು ಸಲ ಓಡಾಡಿದೆ.
ಭರಮಸಾಗರದ ಟೀ ಅಂಗಡಿಯವನಿಗೆ
ನನ್ನ ಸಕ್ಕರೆಯ ಲೆಕ್ಕ ಬಾಯಿಪಾಠವಾಯಿತು.

ಅಜ್ಜಿ ಎಲ್ಲಿಗೂ ಕದಲಿದವಳಲ್ಲ,
ಅಳಿಯನನ್ನೇ ಮನೆ ತುಂಬಿಸಿಕೊಂಡ ಮನೆ ಅದು.
ಮೈಸೂರು ಸಂಸ್ಥಾನ, ಚಿತ್ರದುರ್ಗ ಜಿಲ್ಲೆ, ಮಜರೆ ಎರೆಕಟ್ಟೆಯಲ್ಲಿ ಕಣ್ಣು ಬಿಟ್ಟು
ಕರ್ನಾಟಕ ರಾಜ್ಯ, ದಾವಣಗೆರೆ ಜಿಲ್ಲೆ, ನಗರಸಭೆಯ ವಾರ್ಡಿನಲ್ಲಿ ಮುಚ್ಚಿದಳು,
ಅದೇ ಪಡಸಾಲೆ, ಅದೇ ಕಂಬದ ಬುಡ.

ಕಡೆಗೆ ತಾಲ್ಲೂಕು ಕಚೇರಿಯ ಅಟ್ಟದಲ್ಲೇ ಸಿಕ್ಕಿತು
ಜನನ ಮರಣದ ಪುಸ್ತಕ, ಕೆಂಪು ಬಟ್ಟೆಯ ಗಂಟು.
ಗೆದ್ದಲು ತಿಂದ ಅಂಚು,
ಹುಣಿಸೆಬೀಜದಂಥ ಶಾನುಭೋಗರ ಅಕ್ಷರ.
ಮಗುವಿಗೆ ಹೆಸರಿಲ್ಲ, ಯಾರ ಮಗುವಿಗೂ:
ಗಂಡು. ಹೆಣ್ಣು. ಹೆಣ್ಣು.
ಅಪ್ಪಂದಿರಿಗೆ ಹೆಸರುಂಟು, ಕಸುಬುಂಟು,
ಜಿನ್ನಿನ ಕೂಲಿ, ಬಾಡಿಗೆ ಗಾಡಿ, ಕಂಬಳಿ ನೇಯ್ಗೆ.
ಕೊನೆಯ ಅಂಕಣ ಮಾತ್ರ ಎಲ್ಲರಿಗೂ ಒಂದೇ:
'ವರದಿ ತಂದವನು ತಳವಾರ ಓಬಳ',
ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು.

ಹಾಳೆ ತಿರುವಿದೆ. ಓಬಳ. ಓಬಳ.
ಯಾರ ಮನೆಯಲ್ಲಿ ಬೇನೆ, ಯಾರ ಮನೆ ಮುಂದೆ ಚಟ್ಟ,
ಹೊಸ್ತಿಲಾಚೆಯೇ ನಿಂತು ಕೇಳಿಕೊಂಡು
ವಾರಕ್ಕೊಮ್ಮೆ ಬಾಯಲ್ಲೇ ಹೊತ್ತು ತಂದು
ಶಾನುಭೋಗರ ಜಗಲಿಯ ಕೆಳಗೆ ಇಳಿಸುತ್ತಿದ್ದ
ಇಡೀ ಊರನ್ನು.
ಒಂದು ಕಡೆ ಬೆರಳು ಜಾರಿದೆ. ಮಳೆಯಿರಬೇಕು, ಇಲ್ಲಾ ಜ್ವರ.

ಅಲ್ಲಿಂದ ಮುಂದೆ ಖಾಲಿ.
ಮೂವತ್ತೆಂಟರ ಆಷಾಢದಿಂದ ದೀಪಾವಳಿಯ ತನಕ
ಎರೆಕಟ್ಟೆಯಲ್ಲಿ ಒಬ್ಬರೂ ಹುಟ್ಟಲಿಲ್ಲ,
ಒಬ್ಬರೂ ಸಾಯಲಿಲ್ಲ.
ಆಮೇಲೆ ಬೇರೆ ಹೆಬ್ಬೆಟ್ಟು, ಸಣ್ಣದು:
ತಳವಾರ ಮಾರ, ಓಬಳನ ಮಗ.

ಓಬಳ ಸತ್ತದ್ದನ್ನು ಬರೆಸಲು ಓಬಳನಿರಲಿಲ್ಲ.

'ಮಾನೌಮಿ ಹಿಂದುಮುಂದು ಹುಟ್ಟಿದೋಳು ಕಣೋ ನಾನು'
ಅನ್ನುತ್ತಿದ್ದಳಲ್ಲ ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತ,
ಆ ಖಾಲಿಯೊಳಗೇ ಎಲ್ಲೋ ಹುಟ್ಟಿದ್ದಾಳೆ.
ನಿನ್ನ ವಂಶವೃಕ್ಷದ ಹಾಳೆಯಲ್ಲಿ
ಜಿಲ್ಲೆ ಅಂತಿರುವ ಕಡೆ ಎರಡನ್ನೂ ಬರೆದುಕೋ,
ತಾರೀಖಿನ ಕಡೆ ಏನೂ ಬೇಡ.
ನಕಲು ಶುಲ್ಕ ಕಟ್ಟಿ ಖಾಲಿ ಹಾಳೆಯನ್ನೇ ತಂದಿದ್ದೇನೆ,
ಸೀಲು ಹೊಡೆಸಿ.

ಹೊರಡುವಾಗ ಗುಮಾಸ್ತೆ ಹುಡುಗಿ ಅರ್ಜಿ ಎಳೆದುಕೊಂಡಳು,
'ಯಾರ ದಾಖಲೆ ಅಂತ ಬರೀಲಿ ಸಾರ್?'
ಬಾಯಿಗೆ ಬಂದದ್ದು ಓಬಳನ ಹೆಸರು.
ಬರೆದಳು. ಮುಂದಿನ ಅಂಕಣಕ್ಕೆ ಬಂದು
ಪೆನ್ನು ತಡೆದು ತಲೆಯೆತ್ತಿದಳು,
'ನಿಮಗೆ ಏನಾಗಬೇಕು?'